ಕಂಸ ತೆಗೆದರೆ ಕತೆ ಕೆಟ್ಟಿತು: ಬೆಣೆಲಿಪಿ ಕುರಿತು ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳೆಲ್ಲ ಮೆಸೊಪೊಟೇಮಿಯದ ಮಣ್ಣಿನ ಫಲಕಗಳ ಸುತ್ತಲಿನವು. ಇಂದಿನ ಇರಾಕಿನಲ್ಲಿರುವ ಉರುಕ್ ಪಟ್ಟಣದಲ್ಲಿ ಕ್ರಿ.ಪೂ. 3300ರ ಆಸುಪಾಸಿನಲ್ಲಿ ಲೆಕ್ಕ ಬರೆದಿಡಲು ಹುಟ್ಟಿದ ಈ ಲಿಪಿ ಕ್ರಿ.ಶ. ಮೊದಲನೇ ಶತಮಾನದವರೆಗೂ ಬಳಕೆಯಲ್ಲಿತ್ತು. ಹಸಿ ಜೇಡಿಮಣ್ಣಿಗೆ ಕಡ್ಡಿಯ ಮೂಲೆ ಒತ್ತಿದಾಗ ಬೀಳುವ ಗುರುತು ಬೆಣೆಯ ಹಾಗಿರುವುದರಿಂದ ಬೆಣೆಲಿಪಿ. ಕ್ಯೂನಿಫಾರ್ಮ್ ಎಂಬ ಹೆಸರಿನ ಅರ್ಥವೂ ಅದೇ. ಸುಮೇರಿಯನ್, ಅಕ್ಕಾಡಿಯನ್, ಹಿಟ್ಟೈಟ್, ಎಲಮೈಟ್ ಹೀಗೆ ಒಂದಕ್ಕೊಂದು ನಂಟೇ ಇಲ್ಲದ ಭಾಷೆಗಳನ್ನು ಇದರಲ್ಲಿ ಬರೆದರು.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕೆಲಸದವನು. ಮನೆಯಲ್ಲೇ ಕೂತು ಮೂಲ ಫಲಕಗಳನ್ನು ಓದಲು ಕಲಿಯಬಹುದೆ? ಗಿಲ್ಗಮೆಶ್ ಕಾವ್ಯದಿಂದ ಶುರು ಮಾಡೋಣ ಅಂದುಕೊಂಡಿದ್ದೇನೆ. (ಬೆಂಗಳೂರಿನ ಓದುಗರು)

ಉತ್ತರ: ಖಂಡಿತ ಕಲಿಯಬಹುದು. ಆದರೆ ಗಿಲ್ಗಮೆಶ್‌ನಿಂದ ಬೇಡ. ಅಆಇಈ ತಿದ್ದುವವನ ಕೈಗೆ ಹಳಗನ್ನಡದ ಚಂಪೂ ಕೊಟ್ಟ ಹಾಗಾಗುತ್ತದೆ. ಕುರಿ ಲೆಕ್ಕದಿಂದ ಶುರು ಮಾಡಿ. ಕ್ರಿ.ಪೂ. 2112ರಿಂದ 2004ರವರೆಗೆ ಆಳಿದ ಊರ್ ಪಟ್ಟಣದ ಮೂರನೇ ರಾಜವಂಶದ ಕಾಲದ್ದೇ ಸುಮಾರು 1 ಲಕ್ಷ ಫಲಕಗಳು ಸಿಕ್ಕಿವೆ. ಹೆಚ್ಚಿನವು ರಸೀದಿಗಳು. ಅವೇ ಪದಗಳು ಮತ್ತೆ ಮತ್ತೆ ಬರುವುದರಿಂದ ಕಣ್ಣು ಬೇಗ ಪಳಗುತ್ತದೆ.

ಕ್ಯೂನಿಫಾರ್ಮ್ ಡಿಜಿಟಲ್ ಲೈಬ್ರರಿ ಇನಿಶಿಯೇಟಿವ್, ಎಲ್ಲರೂ ಹೇಳುವಂತೆ ಸಿಡಿಎಲ್‌ಐ, ಉಚಿತ ಭಂಡಾರ. ಅಲ್ಲಿ ಪ್ರತಿ ಫಲಕಕ್ಕೂ 'ಪಿ' ಅಕ್ಷರದ ಮುಂದೆ ಆರು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಹುಡುಕುವಾಗ ಕಾಲ ಊರ್-3 ಎಂದೂ ಸ್ಥಳ ಪುಜ್ರಿಶ್-ದಗಾನ್ ಎಂದೂ ಕೊಡಿ. ಇಂದಿನ ಡ್ರೆಹೆಮ್ ದಿಬ್ಬ ಅದು. ರಾಜ್ಯದ ಜಾನುವಾರು ಬಂದು ಹೋಗುತ್ತಿದ್ದ ದೊಡ್ಡಿ. ಫೋಟೊ, ಲಿಪ್ಯಂತರ (ಚಿಹ್ನೆಗಳ ಓದನ್ನು ಇಂದಿನ ಅಕ್ಷರಗಳಲ್ಲಿ ಬರೆದದ್ದು) ಎರಡೂ ಇರುವ, ಎಂಟು ಹತ್ತು ಸಾಲಿನ ಫಲಕ ಆರಿಸಿಕೊಳ್ಳಿ. ಫೋಟೊ ಶಿಲುಬೆಯಾಕಾರದಲ್ಲಿ ಹರಡಿರುತ್ತದೆ: ನಡುವೆ ಮುಂಬದಿ, ಎಡಬಲಕ್ಕೆ ಅಂಚುಗಳು, ಕೆಳಗೆ ಕೆಳಅಂಚು, ಅದರ ಕೆಳಗೆ ಹಿಂಬದಿ. ಹಿಂಬದಿ ಕೆಳಗೇಕೆ ಅಂದರೆ ಲಿಪಿಕಾರರು ಫಲಕವನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತಿರುಗಿಸುತ್ತಿರಲಿಲ್ಲ. ಗೋಡೆ ಕ್ಯಾಲೆಂಡರಿನ ಹಾಳೆಯನ್ನು ಮೇಲಕ್ಕೆ ಮಗುಚುತ್ತೇವಲ್ಲ, ಹಾಗೆ ಮಗುಚುತ್ತಿದ್ದರು.

ಡ್ರೆಹೆಮ್ ರಸೀದಿಯ ಅಚ್ಚು ಹೆಚ್ಚುಕಡಿಮೆ ಹೀಗಿರುತ್ತದೆ:

1 ಉದು (ಒಂದು ಕುರಿ)
ಉ₄ 1-ಕಮ್ (ಒಂದನೇ ದಿನ)
ಕಿ ಅಬ್-ಬ-ಸ₆-ಗ-ತ (ಅಬ್ಬಸಗನ ಕಡೆಯಿಂದ)
ಇನ್-ತ-ಎ₃-ಅ (ಇಂತಏಅ)
ಇ₃-ದಬ್₅ (ವಹಿಸಿಕೊಂಡ)

ಇದಾದ ಮೇಲೆ ತಿಂಗಳು, ವರ್ಷ. 'ಕಿ' ಮತ್ತು 'ತ' ಎರಡರ ನಡುವೆ ಇರುವವನು ಕೊಟ್ಟವನು. 'ಇದಬ್' ಹಿಂದಿರುವವನು ಪಡೆದವನು. ಇಷ್ಟು ಗೊತ್ತಾದರೆ ನೂರಾರು ಫಲಕಗಳ ಎಲುಬು ನಿಮ್ಮ ಕೈಗೆ ಸಿಕ್ಕಿತು. ಅಕ್ಷರದ ಕೆಳಗಿನ ಪುಟ್ಟ ಅಂಕಿಗೆ ಉಚ್ಚಾರಣೆ ಇಲ್ಲ. ಒಂದೇ ದನಿಯ ಹಲವು ಚಿಹ್ನೆಗಳಲ್ಲಿ ಇದು ಎಷ್ಟನೆಯದು ಎಂದು ತಿಳಿಸುವ ಗುರುತು ಅದು.

ಹೊಸಬರು ಎಡವುವ ಜಾಗಗಳು ಮೂರು. ಮೊದಲನೆಯದು ಸಂಖ್ಯೆ. ನಿಂತ ಬೆಣೆ ಅಂದರೆ 1, ಕೊಕ್ಕೆ ಅಂದರೆ 10, ಮತ್ತೆ ನಿಂತ ಬೆಣೆಯೇ 60. ಅರವತ್ತರ ಬೆಣೆ ಕೊಂಚ ದೊಡ್ಡದು, ಕೊಕ್ಕೆಗಳ ಎಡಕ್ಕಿರುತ್ತದೆ. ಅನುಮಾನ ಬಂದರೆ ಹಿಂಬದಿಯಲ್ಲಿ 'ಶುನಿಗಿನ್', ಅಂದರೆ 'ಒಟ್ಟು' ಎಂಬ ಸಾಲಿದೆಯೇ ನೋಡಿ ಕೂಡಿಸಿ. ತಾಳೆಯಾಗದಿದ್ದರೆ ತಪ್ಪು ಬಹುಮಟ್ಟಿಗೆ ನಿಮ್ಮದೇ, ಅಪರೂಪಕ್ಕೆ ಗುಮಾಸ್ತನದು.

ಎರಡನೆಯದು ವರ್ಷ. ಆಗ ವರ್ಷಕ್ಕೆ ಅಂಕಿಯಿಲ್ಲ, ಹೆಸರು. 'ಮು ಶ-ಅಶ್-ರು ಬ-ಹುಲ್' ಅಂದರೆ ಶಶ್ರು ಪಟ್ಟಣ ನಾಶವಾದ ವರ್ಷ. ತೊಡಕೇನೆಂದರೆ ಶುಲ್ಗಿ ರಾಜನ 42ನೇ ವರ್ಷಕ್ಕೂ ಇದೇ ಹೆಸರು, ಅವನ ಮಗ ಅಮರ್-ಸುಎನ್‌ನ 6ನೇ ವರ್ಷಕ್ಕೂ ಇದೇ ಹೆಸರು. ನಡುವೆ 12 ವರ್ಷ. ಆಗ ವರ್ಷ ಬಿಟ್ಟು ಗುಮಾಸ್ತರನ್ನು ನೋಡಬೇಕು. ಮೇಲಿನ ರಸೀದಿಯ ಅಬ್ಬಸಗ ಡ್ರೆಹೆಮ್ ದೊಡ್ಡಿಯ ಹುದ್ದೆಯಲ್ಲಿದ್ದದ್ದು ಅಮರ್-ಸುಎನ್ ಕಾಲದಲ್ಲಿ. ಹಾಗಾಗಿ ಅವನ ಹೆಸರಿದ್ದರೆ ಎರಡನೆಯ ಲೆಕ್ಕವೇ ಸರಿ.

ಮೂರನೆಯದು ಬೆಳಕು. ಫಲಕದ ಫೋಟೊಗೆ ಎಡಮೇಲಿನಿಂದ ಬೆಳಕು ಬಿಡುವುದು ವಾಡಿಕೆ. ಹಿಂಬದಿ ನೋಡಲು ಚಿತ್ರವನ್ನು ತಲೆಕೆಳಗು ಮಾಡಿದಿರೋ, ಬೆಳಕು ಕೆಳಗಿನಿಂದ ಬಂದಂತಾಗಿ ಗುಳಿಗಳೆಲ್ಲ ಉಬ್ಬಾಗಿ ಕಾಣತೊಡಗುತ್ತವೆ. ಕಣ್ಣಿನ ಮೋಸ ಅಷ್ಟೆ. ಚಿತ್ರವನ್ನು ನೇರ ಮಾಡಿದರೆ ಸರಿಹೋಗುತ್ತದೆ.

ಓದಿದ ಮೇಲೆ ಕಾಗದದ ಮೇಲೆ ಬಿಡಿಸಿ. ಹತ್ತು ಫಲಕ ಕೈಯಾರೆ ಬಿಡಿಸಿದವರಿಗೆ ಬರುವ ಗುರುತು, ನೂರು ಲಿಪ್ಯಂತರ ಓದಿದವರಿಗೂ ಬರುವುದಿಲ್ಲ.

ಪ್ರಶ್ನೆ: ಒಂದೇ ಚಿಹ್ನೆಗೆ ನಾಲ್ಕೈದು ಉಚ್ಚಾರಣೆ ಅನ್ನುತ್ತಾರೆ. ಹಾಗಿದ್ದರೆ ವಿದ್ವಾಂಸರು ತಮಗೆ ಬೇಕಾದ ಹಾಗೆ ಓದಿಕೊಳ್ಳುತ್ತಿಲ್ಲ ಎಂಬುದಕ್ಕೆ ಏನು ಖಾತ್ರಿ? (ಶಿವಮೊಗ್ಗದ ಓದುಗರು)

ಉತ್ತರ: '5' ಎಂಬ ಅಂಕಿಯನ್ನೇ ತೆಗೆದುಕೊಳ್ಳಿ. '5 ರೂಪಾಯಿ' ಅಂದಾಗ ಐದು, '5 ಜನ' ಅಂದಾಗ ಐವರು ಅಥವಾ ಐದು ಮಂದಿ, ಹಿಂದಿಯವರ ಬಾಯಲ್ಲಿ ಪಾಂಚ್. ಅಂಕಿ ಒಂದೇ, ಅಕ್ಕಪಕ್ಕ ನೋಡಿ ನಾವು ತಡವರಿಸದೆ ಓದುತ್ತೇವೆ. ಬೆಣೆಲಿಪಿಯಲ್ಲಿ ನಕ್ಷತ್ರದ ಚಿತ್ರದಿಂದ ಬಂದ ಚಿಹ್ನೆಯೊಂದಿದೆ. ಸುಮೇರಿಯನ್ ಭಾಷೆಯಲ್ಲಿ ಅದನ್ನು 'ಅನ್' ಎಂದು ಓದಿದರೆ ಆಕಾಶ, 'ದಿಂಗಿರ್' ಎಂದು ಓದಿದರೆ ದೇವರು. ಅಕ್ಕಾಡಿಯನ್ನಿನಲ್ಲಿ ದೇವರಿಗೆ 'ಇಲು', ಬರೀ ದನಿಯಾಗಿ ಬಂದರೆ 'ಅನ್'. ಯಾವುದೋ ಹೆಸರಿನ ಮುಂದೆ ನಿಂತರೆ ಉಚ್ಚಾರಣೆಯೇ ಇಲ್ಲ. 'ಮುಂದೆ ಬರುವುದು ದೇವರ ಹೆಸರು' ಎಂದು ಎಚ್ಚರಿಸಿ ಸುಮ್ಮನಾಗುತ್ತದೆ.

ಖಾತ್ರಿಯ ಮಾತು 1857ರಲ್ಲೇ ತೀರ್ಮಾನವಾಯಿತು. ಅಸ್ಸೀರಿಯದ ತಿಗ್ಲತ್-ಪಿಲೆಸರ್ ರಾಜನ ಶಾಸನವೊಂದರ ಪ್ರತಿಯನ್ನು ರಾಲಿನ್‌ಸನ್, ಹಿಂಕ್ಸ್, ಟಾಲ್ಬಟ್, ಒಪ್ಪರ್ಟ್ ಈ ನಾಲ್ವರು ವಿದ್ವಾಂಸರೂ ಬೇರೆ ಬೇರೆಯಾಗಿ ಅನುವಾದಿಸಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಗೆ ಕೊಟ್ಟರು. ಲಕೋಟೆ ಒಡೆದು ಪಕ್ಕಪಕ್ಕ ಇಟ್ಟು ನೋಡಿದಾಗ ಮುಖ್ಯ ಸಂಗತಿಗಳಲ್ಲಿ ನಾಲ್ಕೂ ಹೊಂದಿದವು.

ಪ್ರಶ್ನೆ: 'ಟರ್ಕಿಯಲ್ಲಿ ಸಿಕ್ಕ ಮಣ್ಣಿನ ಫಲಕದಲ್ಲಿ ಸಂಸ್ಕೃತ ಶ್ಲೋಕ, ಇಂದ್ರ ವರುಣರ ಹೆಸರು' ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೆ? (ಧಾರವಾಡದ ಓದುಗರು)

ಉತ್ತರ: ಹೆಸರುಗಳು ನಿಜ, ಶ್ಲೋಕ ಸುಳ್ಳು. ಟರ್ಕಿಯ ಬೊಗಾಜ್‌ಕೊಯ್ ಎಂಬಲ್ಲಿ, ಅಂದರೆ ಹಿಟ್ಟೈಟರ ರಾಜಧಾನಿ ಹತ್ತುಶದಲ್ಲಿ, 1906ರಿಂದ ಹ್ಯೂಗೊ ವಿಂಕ್ಲರ್ ನಡೆಸಿದ ಉತ್ಖನನದಲ್ಲಿ ಸಾವಿರಾರು ಫಲಕದ ಚೂರುಗಳು ಬಂದವು. ಹಿಟ್ಟೈಟ್ ದೊರೆ ಸುಪ್ಪಿಲುಲಿಉಮನಿಗೂ ನೆರೆಯ ಮಿತನ್ನಿ ರಾಜ್ಯದ ಶತ್ತಿವಾಜನಿಗೂ ಕ್ರಿ.ಪೂ. 14ನೇ ಶತಮಾನದಲ್ಲಿ ಆದ ಒಪ್ಪಂದ ಅದರಲ್ಲಿತ್ತು. ಅದರ ಭಾಷೆ ಅಕ್ಕಾಡಿಯನ್. ಆಗಿನ ರಾಯಭಾರದ ಭಾಷೆ ಅದೇ. ಕೊನೆಯಲ್ಲಿ ಸಾಕ್ಷಿಯಾಗಿ ಎರಡೂ ಕಡೆಯ ದೇವರುಗಳ ಉದ್ದನೆಯ ಪಟ್ಟಿ. ಮಿತನ್ನಿಯ ಕಡೆಯ ಪಟ್ಟಿಯಲ್ಲಿ ಬಿರುಗಾಳಿಯ ದೇವರು, ಚಂದ್ರ, ಸೂರ್ಯ ಮುಂತಾದವರು ಆದ ಮೇಲೆ ಈ ಹೆಸರುಗಳು ಬರುತ್ತವೆ: ಮಿ-ಇತ್-ರ-ಅಶ್-ಶಿ-ಇಲ್, ಉ-ರು-ವ-ನ-ಅಶ್-ಶಿ-ಎಲ್, ಇನ್-ದರ್, ನ-ಶ-ಅತ್-ತಿ-ಯ-ಅನ್-ನ. ಮಿತ್ರ, ವರುಣ, ಇಂದ್ರ, ನಾಸತ್ಯರು (ಅಶ್ವಿನಿ ದೇವತೆಗಳು).

ಕಾಗುಣಿತ ವಿಚಿತ್ರವಾಗಿರುವುದಕ್ಕೆ ಕಾರಣವಿದೆ. ಈ ಲಿಪಿಯಲ್ಲಿ ಒತ್ತಕ್ಷರ ಬರೆಯಲಾಗದು. 'ತ್ರ' ಬೇಕಾದರೆ 'ಇತ್' ಮತ್ತು 'ರ' ಎಂದು ಒಡೆಯಬೇಕು. 'ಅಶ್ಶಿಲ್' ಎಂಬ ಬಾಲ ಹುರ್ರಿಯನ್ ಭಾಷೆಯ ಪ್ರತ್ಯಯ. ಮಿತನ್ನಿಯ ಜನ ಆಡುತ್ತಿದ್ದದ್ದು ಹುರ್ರಿಯನ್. ಅಲ್ಲೇ ಸಿಕ್ಕ ಕಿಕ್ಕುಲಿ ಎಂಬವನ ಕುದುರೆ ಪಳಗಿಸುವ ಕೈಪಿಡಿ ಹಿಟ್ಟೈಟ್ ಭಾಷೆಯಲ್ಲಿದೆ, ಆದರೆ ಓಟದ ಸುತ್ತುಗಳಿಗೆ ಐಕ-ವರ್ತನ್ನ, ತೆರ-ವರ್ತನ್ನ, ಪಂಜ-ವರ್ತನ್ನ, ಸತ್ತ-ವರ್ತನ್ನ ಎಂಬ ಪದಗಳಿವೆ. ಏಕ, ತ್ರಿ, ಪಂಚ, ಸಪ್ತ ನಿಮಗೇ ಕಾಣುತ್ತವೆ. ಇಂಡೊ-ಆರ್ಯ ನುಡಿಯ ಪದಗಳು ಆ ರಾಜಮನೆತನದ ಹೆಸರುಗಳಲ್ಲಿ, ದೇವರಲ್ಲಿ, ಲಾಯದಲ್ಲಿ ಉಳಿದಿದ್ದವು. ಇಷ್ಟೇ ಸಾಕಷ್ಟು ಬೆರಗಿನ ಸಂಗತಿ. ಅದರ ಮೇಲೆ ಶ್ಲೋಕ ಕಟ್ಟುವ ಅಗತ್ಯವೇನೂ ಇರಲಿಲ್ಲ.

ಪ್ರಶ್ನೆ: ಬೆಣೆಲಿಪಿಯ ನೆರವಿನಿಂದ ಸಿಂಧೂ ಲಿಪಿ ಓದಲು ಸಾಧ್ಯವಿಲ್ಲವೆ? (ವಿಜಯಪುರದ ಓದುಗರು)

ಉತ್ತರ: ಎರಡೂ ಲಿಪಿಯಲ್ಲಿ ಒಂದೇ ಮಾತು ಬರೆದ ವಸ್ತು ಬೇಕು. ಇನ್ನೂ ಸಿಕ್ಕಿಲ್ಲ. ತೀರ ಹತ್ತಿರ ಬರುವುದೆಂದರೆ ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಒಂದು ಉರುಳೆ ಮುದ್ರೆ. ಅಕ್ಕಾಡ್ ಸಾಮ್ರಾಜ್ಯದ ಕಾಲದ್ದು, ಒಡೆಯ ಶು-ಇಲಿಶು. ಹುದ್ದೆ 'ಎಮೆ-ಬಲ್ ಮೆಲುಹ್ಹ', ಅಂದರೆ ಮೆಲುಹ್ಹದ ದುಭಾಷಿ. 'ಎಮೆ' ನಾಲಿಗೆ, 'ಬಲ್' ತಿರುಗಿಸು. ಮೆಲುಹ್ಹ ಎಂದರೆ ಸಿಂಧೂ ಪ್ರದೇಶವೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ದುಭಾಷಿಯ ಮುದ್ರೆ ಸಿಕ್ಕಿತು, ಅವನು ಏನನ್ನು ಅನುವಾದ ಮಾಡಿದ ಎಂಬುದು ಸಿಕ್ಕಲಿಲ್ಲ.

ಪ್ರಶ್ನೆ: ಪ್ರೌಢಶಾಲೆಯ 40 ಮಕ್ಕಳಿಗೆ ಮಣ್ಣಿನ ಫಲಕ ಬರೆಸುವ ಚಟುವಟಿಕೆ ಮಾಡಿಸಬೇಕು. ಯಾವ ಮಣ್ಣು, ಎಷ್ಟು, ಹೇಗೆ? (ಮೈಸೂರಿನ ಶಿಕ್ಷಕರು)

ಉತ್ತರ: ಕುಂಬಾರರು ಮಡಕೆಗೆ ಹದ ಮಾಡಿಟ್ಟ ಮಣ್ಣು ಎಲ್ಲಕ್ಕಿಂತ ಒಳ್ಳೆಯದು, ಗಣಪತಿ ಮಾಡುವವರ ಜೇಡಿಮಣ್ಣೂ ಆದೀತು. ಎರೆಮಣ್ಣು ಬೇಡ, ಒಣಗುವಾಗ ವಿಪರೀತ ಕುಗ್ಗಿ ಬಿರಿಯುತ್ತದೆ. ಮಗುವಿಗೆ 150 ಗ್ರಾಂನಂತೆ 6 ಕೆ.ಜಿ., ಹಾಳಾಗುವುದಕ್ಕೆಂದು ಇನ್ನೊಂದು ಕೆ.ಜಿ. ಹರಳು ಆರಿಸಿ ತೆಗೆಯಿರಿ. ಬೆಣೆಯ ಬಾಲದಡಿ ಒಂದು ಹರಳು ಸಿಕ್ಕರೆ ಚಿಹ್ನೆಯೇ ಕೆಡುತ್ತದೆ.

ಅಲ್ಲಿನವರ ಲೇಖನಿ ಜೊಂಡಿನ ಕಡ್ಡಿ. ನಿಮಗೆ ಬಿದಿರಿನ ಸೀಳನ್ನು ಸುಮಾರು 5 ಮಿ.ಮೀ. ಚೌಕಕ್ಕೆ ಹೆರೆದು, ತುದಿಯನ್ನು ಅಡ್ಡಲಾಗಿ ನೇರ ಕತ್ತರಿಸಿದರೆ ಸಾಕು. ಐಸ್‌ಕ್ರೀಂ ಕಡ್ಡಿಯ ದುಂಡು ತುದಿ ಕತ್ತರಿಸಿದರೂ ನಡೆಯುತ್ತದೆ, ಬೆಣೆ ಮಾತ್ರ ಸಣಕಲಾಗುತ್ತದೆ. ಉಂಡೆ ಕಟ್ಟಿ, ತಟ್ಟಿ, 7 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಬಿಲ್ಲೆ ಮಾಡಿಸಿ. ಬರೆಯುವ ಮೊದಲು ಕಾಲು ಗಂಟೆ ಹಾಗೇ ಬಿಡಿ. ಬೆರಳಿಟ್ಟರೆ ಅಂಟಬಾರದು, ಒತ್ತಿದರೆ ಅಂಚು ಸಿಡಿಯಬಾರದು, ಅದು ಹದ. ಹಸಿ ಹೆಚ್ಚಾದರೆ ಮಣ್ಣು ಕಡ್ಡಿಯ ಜೊತೆ ಎದ್ದು ಬರುತ್ತದೆ.

ಮಕ್ಕಳು ಮೊದಲು ಮಾಡುವ ತಪ್ಪು ಗೀಚುವುದು. ಓಲೆಗರಿಯ ಮೇಲೆ ಕಂಟದಿಂದ ಕೊರೆಯುವ ಕ್ರಮ ಇಲ್ಲಿ ಸಲ್ಲದು. ಕಡ್ಡಿಯನ್ನು ಓರೆಯಾಗಿ ಹಿಡಿದು ಮೂಲೆಯನ್ನು 2 ಮಿ.ಮೀ.ನಷ್ಟು ಒತ್ತಿ ಹಾಗೇ ಮೇಲೆತ್ತಬೇಕು. ಮೂಲೆ ಇಳಿದಲ್ಲಿ ಬೆಣೆಯ ತಲೆ, ಅಂಚು ತಾಗಿದಲ್ಲಿ ಬಾಲ ತಾನಾಗಿ ಬೀಳುತ್ತದೆ. ಮಲಗಿದ ಬೆಣೆಯ ತಲೆ ಎಡಕ್ಕೆ, ನಿಂತ ಬೆಣೆಯ ತಲೆ ಮೇಲಕ್ಕೆ. ಬರೀ ಮೂಲೆ ಊರಿದರೆ ಕೊಕ್ಕೆ. ಮಣಿಕಟ್ಟು ತಿರುಚುವ ಬದಲು ಎಡಗೈಯಲ್ಲಿರುವ ಫಲಕವನ್ನೇ ತಿರುಗಿಸಲು ಹೇಳಿ. ಆಮೇಲೆ ಭೂತಗನ್ನಡಿ ಕೊಟ್ಟು, ಯಾವ ಬೆಣೆ ಮೊದಲು ಬಿದ್ದದ್ದು ಎಂದು ಕೇಳಿ: ನಂತರ ಒತ್ತಿದ್ದು ಮೊದಲಿನದರ ಅಂಚನ್ನು ತಳ್ಳಿ ಕೆಡಿಸಿರುತ್ತದೆ. ಸಂಶೋಧಕರು ಬರವಣಿಗೆಯ ಕ್ರಮ ಪತ್ತೆ ಮಾಡುವುದೂ ಹೀಗೆಯೇ.

ಏನು ಬರೆಸುವುದು? ಅಂತರ್ಜಾಲದಲ್ಲಿ ಎ-ಯಿಂದ ಜೆಡ್-ವರೆಗೆ 'ಕ್ಯೂನಿಫಾರ್ಮ್ ವರ್ಣಮಾಲೆ' ಎಂಬ ಪಟಗಳು ಓಡಾಡುತ್ತವೆ, ಅವನ್ನು ದೂರವಿಡಿ. ಇದು ಉಚ್ಚಾರಾಂಶಗಳ ಲಿಪಿ, ಕನ್ನಡದ ಮಕ್ಕಳಿಗೆ ಹೇಗೂ ಅಕ್ಷರ ಒಡೆಯುವುದು ನೀರು ಕುಡಿದಷ್ಟು ಸಲೀಸು. ಸುಮ ಎಂಬ ಹುಡುಗಿ 'ಸು', 'ಮ' ಎಂದು ಎರಡು ಚಿಹ್ನೆ ಬರೆದರಾಯಿತು. ಅಕ್ಕಾಡಿಯನ್ ಓದಿನಲ್ಲಿ 'ಒ' ಸ್ವರವಿಲ್ಲ, ಆದ್ದರಿಂದ ರೋಹಿಣಿ 'ರು-ಹಿ-ನಿ' ಆಗಬೇಕಾಗುತ್ತದೆ.

ತೆಳು ಹತ್ತಿ ಬಟ್ಟೆ ಮುಚ್ಚಿ ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ, ದಿನಕ್ಕೊಮ್ಮೆ ಮಗುಚಿ. ಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಕುಗ್ಗಿ ಸೀಳು ಬಿಡುತ್ತದೆ. ಒಲೆಯಲ್ಲಿ ಸುಡುವ ಸಾಹಸ ಬೇಡ. ಒಳಗುಳಿದ ತೇವ ಆವಿಯಾಗಿ ಫಲಕ ಸಿಡಿಯುತ್ತದೆ. ಮೂಲ ಫಲಕಗಳಲ್ಲೂ ಹೆಚ್ಚಿನವು ಸುಡದೆ ಒಣಗಿಸಿದವೇ. ಅಸ್ಸೀರಿಯದ ರಾಜಧಾನಿ ನಿನೆವೆಯಲ್ಲಿದ್ದ ಅಶ್ಶುರ್‌ಬನಿಪಾಲ ರಾಜನ ಗ್ರಂಥಭಂಡಾರದ ಎಷ್ಟೋ ಫಲಕಗಳು ಸುಟ್ಟದ್ದು ಕ್ರಿ.ಪೂ. 612ರಲ್ಲಿ ಶತ್ರುಗಳು ಪಟ್ಟಣಕ್ಕೆ ಬೆಂಕಿ ಇಟ್ಟಾಗ. ಓಲೆಗರಿಯ ಭಂಡಾರವಾಗಿದ್ದರೆ ಬೂದಿಯಾಗುತ್ತಿತ್ತು. ಇದು ಇನ್ನಷ್ಟು ಗಟ್ಟಿಯಾಯಿತು.

ಪ್ರಶ್ನೆ: ಈ ವಿಷಯದಲ್ಲಿ ಕನ್ನಡದಲ್ಲಿ ವಿಡಿಯೊ ಮತ್ತು ಲೇಖನ ಮಾಡುತ್ತೇನೆ. ಹೆಸರುಗಳನ್ನು ಹೇಗೆ ಬರೆಯಲಿ, ಚಿತ್ರಗಳನ್ನು ಬಳಸಬಹುದೆ, ಅನುವಾದದಲ್ಲಿರುವ ಚೌಕ ಕಂಸಗಳನ್ನು ಬಿಟ್ಟುಬಿಡಲೆ? (ಮಂಗಳೂರಿನ ಓದುಗರು)

ಉತ್ತರ: ಕೊನೆಯದಕ್ಕೆ ಮೊದಲು: ಕಂಸವನ್ನು ಬಿಡಬೇಡಿ. ಈ ಕಂಸನನ್ನು ಕೊಂದರೆ ಪುಣ್ಯವಿಲ್ಲ. ಚೌಕ ಕಂಸದೊಳಗಿನದು ಫಲಕದಲ್ಲಿ ಒಡೆದುಹೋಗಿದೆ, ಸಂಪಾದಕರು ತುಂಬಿದ್ದಾರೆ ಎಂದರ್ಥ. ಅರ್ಧ ಕಂಸವಿದ್ದರೆ ಚಿಹ್ನೆ ಸವೆದಿದೆ, ಆದರೂ ಕಾಣುತ್ತದೆ. ಎಕ್ಸ್ ಗುರುತು ಇದ್ದರೆ ಚಿಹ್ನೆ ಇದೆ, ಯಾವುದೆಂದು ತಿಳಿಯದು. ಕೋನ ಕಂಸದಲ್ಲಿರುವುದನ್ನು ಲಿಪಿಕಾರನೇ ಬರೆಯಲು ಮರೆತಿದ್ದಾನೆ. ತುಂಬಿದ್ದರಲ್ಲೂ ಎರಡು ಬಗೆ. ಅದೇ ಪಠ್ಯದ ಇನ್ನೊಂದು ಪ್ರತಿಯಿಂದ ತುಂಬಿದ್ದು ಗಟ್ಟಿ; ಊಹೆಯಿಂದ ತುಂಬಿದ್ದು ನಾಳೆ ಒಂದು ಚೂರು ಸಿಕ್ಕರೆ ಬಿದ್ದುಹೋದೀತು. ನಿಮ್ಮ ಲೇಖನ ನಿಂತಿರುವುದು ಯಾವ ಸಾಲಿನ ಮೇಲೋ ಆ ಸಾಲು ಯಾವ ಬಗೆಯದೆಂದು ಮೊದಲು ನೋಡಿಕೊಳ್ಳಿ. ವಿಡಿಯೊದಲ್ಲಿ ತುಂಬಿದ ಪದಗಳನ್ನು ಮಸುಕು ಬಣ್ಣದಲ್ಲಿ ತೋರಿಸಿ, ಓದುವಾಗ 'ಇಲ್ಲಿ ಒಡೆದಿದೆ' ಎಂದು ಬಾಯಿಬಿಟ್ಟು ಹೇಳಿ. ನೋಡುಗರಿಗೆ ಅದರಿಂದ ರಸಭಂಗವಾಗುವುದಿಲ್ಲ, ಕುತೂಹಲ ಹೆಚ್ಚುತ್ತದೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಸ್ಮಿತ್ 1872ರ ಡಿಸೆಂಬರ್ 3ರಂದು ಲಂಡನ್ನಿನ ಸಭೆಯೊಂದರಲ್ಲಿ ಗಿಲ್ಗಮೆಶ್ ಕಾವ್ಯದ ಪ್ರಳಯದ ಭಾಗವನ್ನು ಓದಿದಾಗ ಪ್ರಧಾನಿ ಗ್ಲ್ಯಾಡ್‌ಸ್ಟನ್ ಕೂಡ ಕೂತಿದ್ದರು. ಕತೆಯಲ್ಲಿ ಒಂದು ಕಡೆ ಫಲಕ ಒಡೆದಿತ್ತು. ಉಳಿದ ಚೂರು ಹುಡುಕಲು ಡೈಲಿ ಟೆಲಿಗ್ರಾಫ್ ಪತ್ರಿಕೆ 1,000 ಗಿನಿ ಕೊಟ್ಟು ಕಳಿಸಿತು. 1873ರ ಮೇ ತಿಂಗಳಲ್ಲಿ ನಿನೆವೆಯಲ್ಲಿ ಅಗೆತ ಶುರುವಾದ ಕೆಲವೇ ದಿನಗಳಲ್ಲಿ ಪ್ರಳಯದ ಸಾಲುಗಳಿದ್ದ ಚೂರು ಸಿಕ್ಕಿಯೂ ಬಿಟ್ಟಿತು. ಖಾಲಿ ಜಾಗ ತುಂಬಿತೆಂದು ಸ್ಮಿತ್ ತಿಳಿದರು, ಪತ್ರಿಕೆ ಸಂಭ್ರಮಿಸಿತು. ಆ ಚೂರು ಗಿಲ್ಗಮೆಶ್‌ದಲ್ಲ, ಅತ್ರಹಸೀಸ್ ಎಂಬ ಬೇರೆಯೇ ಕಾವ್ಯದ್ದು ಎಂಬುದು ಆಮೇಲೆ ತಿಳಿಯಿತು. ಪ್ರಳಯ ಎರಡರಲ್ಲೂ ಇತ್ತು, ಫಲಕ ಬೇರೆ. ಪತ್ರಿಕೆಯ ಹೆಸರಿನ ಮೊದಲಕ್ಷರ ಹೊತ್ತು 'ಡಿಟಿ 42' ಎಂಬ ಸಂಖ್ಯೆಯಲ್ಲಿ ಅದು ಈಗಲೂ ಮ್ಯೂಸಿಯಂನಲ್ಲಿದೆ.

ಆದ್ದರಿಂದ ಪ್ರತಿ ಚಿತ್ರದ ಕೆಳಗೂ ಮ್ಯೂಸಿಯಂ ಸಂಖ್ಯೆ ಹಾಕಿ. ಮುಂದಿರುವ ಅಕ್ಷರ ನೋಡಿದರೆ ಊರು ತಿಳಿಯುತ್ತದೆ: ಬಿಎಂ ಮತ್ತು ಕೆ ಅಂದರೆ ಲಂಡನ್, ವಿಎಟಿ ಬರ್ಲಿನ್, ಎಒ ಲೂವ್ರ್, ಐಎಂ ಬಾಗ್ದಾದ್, ಸಿಬಿಎಸ್ ಫಿಲಡೆಲ್ಫಿಯ. ನಡುವೆ ಕೂಡಿಸುವ ಚಿಹ್ನೆ ಇದ್ದರೆ ಒಡೆದ ಚೂರುಗಳನ್ನು ಜೋಡಿಸಿದ್ದಾರೆ.

ಚಿತ್ರಗಳ ಹಕ್ಕು ಮ್ಯೂಸಿಯಂನದು, ಸಿಡಿಎಲ್‌ಐಯದಲ್ಲ. ಬ್ರಿಟಿಷ್ ಮ್ಯೂಸಿಯಂ ತನ್ನ ಚಿತ್ರಗಳನ್ನು ವಾಣಿಜ್ಯೇತರ ಬಳಕೆಗೆ ಮಾತ್ರ ಬಿಟ್ಟಿದೆ. ಜಾಹೀರಾತಿನಿಂದ ಹಣ ಬರುವ ಚಾನೆಲ್ ಆದರೆ ಮೊದಲು ಅನುಮತಿ ಕೇಳಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 'ಓಪನ್ ಆಕ್ಸೆಸ್' ಎಂದು ಗುರುತಿರುವವಕ್ಕೆ ಆ ನಿರ್ಬಂಧವಿಲ್ಲ. ಅನುವಾದಕ್ಕೂ ಹಕ್ಕುದಾರರಿರುತ್ತಾರೆಂಬುದು ನೆನಪಿರಲಿ.

ಹೆಸರಿನ ವಿಷಯ ಸುಲಭ. ಕನ್ನಡಕ್ಕೆ ಎ-ಏ ಭೇದವಿದೆ, ಶ-ಸ ಭೇದವಿದೆ, ಹಾಗಾಗಿ ಬಹುಪಾಲು ಹೆಸರು ಹಾಗೇ ಕೂರುತ್ತವೆ. ಬೈಬಲ್ಲಿನಿಂದ ಬಳಕೆಗೆ ಬಂದ ರೂಪವನ್ನು ಒಮ್ಮೆ ಹೇಳಿ, ಮೂಲ ರೂಪವನ್ನು ಪಕ್ಕದಲ್ಲಿಡಿ: ನೆಬೂಕದ್ನೆಚ್ಚರ ಎಂದರೆ ನಬೂ-ಕುದುರ್ರಿ-ಉಸುರ್. ಇಂಗ್ಲಿಷ್ ಉಚ್ಚಾರಣೆಯನ್ನು ಕನ್ನಡಕ್ಕಿಳಿಸಬೇಡಿ, ಅದು ಮೂರನೇ ಕೈ.

ಪ್ರಶ್ನೆ: ಆನ್‌ಲೈನಿನಲ್ಲಿ 'ಅಸಲಿ ಸುಮೇರಿಯನ್ ಫಲಕ' ಮಾರಾಟಕ್ಕಿದೆ. ಕೊಳ್ಳಬಹುದೆ? (ಅಬುಧಾಬಿಯ ಓದುಗರು)

ಉತ್ತರ: ಬೇಡ. ಅಸಲಿಯಾಗಿದ್ದರೆ ಕದ್ದದ್ದಿರಬಹುದು, ಇಲ್ಲವಾದರೆ ನಕಲಿ. 1936ರ ಕಾನೂನಿನಿಂದಲೇ ಇರಾಕಿನ ಪ್ರಾಚೀನ ವಸ್ತುಗಳು ಸರ್ಕಾರದ ಸ್ವತ್ತು. 1990ರ ಆಗಸ್ಟ್ 6ರ ನಂತರ ಅಲ್ಲಿಂದ ಅಕ್ರಮವಾಗಿ ಸಾಗಿಸಿದ ವಸ್ತುಗಳ ವ್ಯಾಪಾರವನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 2003ರ 1483ನೇ ನಿರ್ಣಯ ತಡೆಯುತ್ತದೆ. ಗಿಲ್ಗಮೆಶ್‌ನ ಕನಸಿನ ಭಾಗವಿದ್ದ ಫಲಕವೊಂದನ್ನು ಅಮೆರಿಕದ ಕಂಪನಿಯೊಂದು 2014ರಲ್ಲಿ 16 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತ್ತು. ಅದರ ಹಿಂದಿನ ಒಡೆತನದ ಕಾಗದ ಸುಳ್ಳೆಂದು ಬಯಲಾಗಿ, ಸರ್ಕಾರ ಮುಟ್ಟುಗೋಲು ಹಾಕಿಕೊಂಡು 2021ರಲ್ಲಿ ಇರಾಕಿಗೆ ಮರಳಿಸಿತು.

ನಕಲಿಯ ಗುರುತು ತಿಳಿಯಬೇಕೆಂದರೆ ಒಡೆದ ಅಂಚು ನೋಡಿ. ನಿಜವಾದ ಚೂರಿನಲ್ಲಿ ಬಿರುಕು ಚಿಹ್ನೆಗಳನ್ನು ಸೀಳಿಕೊಂಡು ಹೋಗಿರುತ್ತದೆ, ಅರ್ಧ ಬೆಣೆ ಅಂಚಿನಲ್ಲಿ ಉಳಿದಿರುತ್ತದೆ. ನಕಲಿಯಲ್ಲಿ ಚಿಹ್ನೆಗಳು ಬಿರುಕು ಕಂಡು ಮರ್ಯಾದೆಯಿಂದ ಹಿಂದೆಯೇ ನಿಂತಿರುತ್ತವೆ. ಅಚ್ಚಿನಲ್ಲಿ ಮಾಡಿದ್ದಾದರೆ ಪಕ್ಕದಲ್ಲಿ ಸುತ್ತಲೂ ಬೆಸುಗೆಯ ಸಣ್ಣ ಗೆರೆ ಇರುತ್ತದೆ.